ಎ ಕ್ರಿಸ್‌ಮಸ್ ಕ್ಯಾರಲ್: ಕೊಳ್ಳುವುದಾದರೆ ಪೂರ್ತಿಯದನ್ನೇ ಕೊಳ್ಳಿ, ಕೊಂಕೆಲ್ಲ ಅದರಲ್ಲೇ ಇದೆ

ಮೊದಲೇ ಹೇಳಿಬಿಡುತ್ತೇನೆ, ಚಾರ್ಲ್ಸ್ ಡಿಕನ್ಸ್ ಬರೆದ ಈ ಪುಸ್ತಕವನ್ನು ನಾನು ಎರಡು ಸಲ ಕೊಂಡೆ. ಮೊದಲ ಸಲದ್ದು ದುಡ್ಡು ದಂಡ. ಮುಖಪುಟದಲ್ಲಿ ಹಿಮ, ದೀಪ, ಊರುಗೋಲು ಹಿಡಿದ ಪುಟ್ಟ ಹುಡುಗ ಎಲ್ಲ ಇದ್ದರು. ಕಾಗದವೂ ಚೆನ್ನಾಗಿತ್ತು. ಆದರೆ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಸಂಕ್ಷಿಪ್ತ' ಅಂತ ಹಾಕಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಒಂದೇ ಕೂತಿಗೆ ಓದಿ ಮುಗಿಸಿದೆ. ಸ್ಕ್ರೂಜ್ ಅಂತ ಒಬ್ಬ ಜಿಪುಣ, ಮೂರು ದೆವ್ವ, ಬೆಳಗಾಗುವಷ್ಟರಲ್ಲಿ ಒಳ್ಳೆಯವನಾದ, ಶುಭಂ. ಇಷ್ಟಕ್ಕಾ ಜನ 180 ವರ್ಷದಿಂದ ಇದನ್ನು ಹೊಗಳುತ್ತಿರುವುದು ಅನಿಸಿ ಕಪಾಟಿಗೆ ತಳ್ಳಿದೆ.

ಆಮೇಲೆ ಒಂದು ಪೂರ್ತಿ ಪ್ರತಿ ಕೈಗೆ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಕತ್ತರಿ ಬಿದ್ದಿದ್ದು ಎಲ್ಲಿಗೆ ಗೊತ್ತಾ? ಕತೆಗೆ ಬಿದ್ದಿಲ್ಲ. ಕತೆಯ ಒಂದು ಘಟನೆಯೂ ಹೋಗಿಲ್ಲ. ಹೋಗಿರುವುದೆಲ್ಲ ಕೊಂಕು. ಕತೆ ಹೇಳುವವನು ಪಕ್ಕದಲ್ಲಿ ನಿಂತು ಕಣ್ಣು ಮಿಟುಕಿಸಿದ ಜಾಗಗಳನ್ನೇ ಹುಡುಕಿ ಹುಡುಕಿ ತೆಗೆದಿದ್ದಾರೆ. ಉಪ್ಪು ಹುಳಿ ಖಾರ ತೆಗೆದು ಬರೀ ಬೇಳೆ ಬಡಿಸಿದ ಹಾಗೆ.

ಮೊದಲ ಪುಟವನ್ನೇ ನೋಡಿ. ಸ್ಕ್ರೂಜನ ವ್ಯಾಪಾರದ ಪಾಲುದಾರ ಮಾರ್ಲಿ ಸತ್ತಿದ್ದ, ಬಾಗಿಲ ಮೊಳೆಯಷ್ಟು ಸತ್ತಿದ್ದ ಅಂತ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಅದೊಂದು ಹಳೇ ಗಾದೆ. ಸಂಕ್ಷಿಪ್ತ ಪ್ರತಿಯಲ್ಲಿ ಇಲ್ಲಿಗೆ ಪೂರ್ಣವಿರಾಮ. ಡಿಕನ್ಸ್ ಮಾತ್ರ ಅಲ್ಲೇ ನಿಂತು ತಲೆ ಕೆರೆದುಕೊಳ್ಳುತ್ತಾನೆ: ಬಾಗಿಲ ಮೊಳೆಯಲ್ಲಿ ಅಂಥಾ ಸತ್ತಿರುವುದು ಏನಿದೆಯೋ ನನಗಂತೂ ತಿಳಿಯದು, ನನ್ನನ್ನು ಕೇಳಿದರೆ ಕಬ್ಬಿಣದ ಸಾಮಾನಿನಲ್ಲೆಲ್ಲ ಹೆಚ್ಚು ಸತ್ತಿರುವುದು ಶವಪೆಟ್ಟಿಗೆಯ ಮೊಳೆ, ಆದರೆ ಹಿರಿಯರು ಹೇಳಿದ್ದಾರಲ್ಲ, ಇರಲಿ. ಸುಮ್ನೆ ಹರಟೆ ಅನಿಸುತ್ತದೆ. ಕೆಲವು ಪುಟ ದಾಟಿ ಸ್ಕ್ರೂಜ್ ಮನೆ ಬಾಗಿಲಿಗೆ ಬರುತ್ತಾನೆ, ಬೀಗದ ಕೈ ತಿರುಗಿಸುತ್ತಾನೆ, ಬಾಗಿಲು ತಟ್ಟುವ ಹಿಡಿ ನೋಡಿದರೆ ಅದೇ ಮಾರ್ಲಿಯ ಮುಖ! ಬಾಗಿಲ ಮೊಳೆಯಷ್ಟು ಸತ್ತವನು ಬಾಗಿಲ ಮೇಲೆಯೇ ಬಂದು ಕೂತಿದ್ದಾನೆ. ಒಳಗೆ ಹೋದ ಸ್ಕ್ರೂಜ್ ಮಾರ್ಲಿಯ ಜುಟ್ಟು ಈ ಕಡೆ ಚಾಚಿಕೊಂಡಿದೆಯೇನೋ ಅಂತ ಬಾಗಿಲ ಹಿಂದೆ ಇಣುಕುತ್ತಾನೆ. ಅಲ್ಲಿ ಇರುವುದು ಹಿಡಿಯನ್ನು ಬಿಗಿದ ಸ್ಕ್ರೂ, ನಟ್ಟು ಅಷ್ಟೇ. ಮೊದಲ ಪುಟದ ಮೊಳೆಯ ಹರಟೆ ತೆಗೆದುಬಿಟ್ಟರೆ ಇಲ್ಲಿ ಬರೀ ಹೆದರಿಕೆ ಉಳಿಯುತ್ತದೆ, ನಗು ಹೋಗುತ್ತದೆ.

ಇಂಗ್ಲಿಷಿನವರು ಐರನಿ ಅಂತ ಒಂದೇ ಪದದಲ್ಲಿ ಮುಗಿಸುವುದಕ್ಕೆ ನಮ್ಮಲ್ಲಿ ಎರಡು ಪದ ಇವೆ. ಬಾಯಲ್ಲಿ ಆಡುವುದು ವ್ಯಂಗ್ಯ. ವಿಧಿ ಆಡುವುದು ವಿಪರ್ಯಾಸ. ಈ ಪುಸ್ತಕದಲ್ಲಿ ಎರಡೂ ಇವೆ, ಒಂದರ ಬಾಲ ಇನ್ನೊಂದು ಹಿಡಿದಿರುತ್ತದೆ. ಮೊದಲ ಭಾಗದಲ್ಲಿ ಸ್ಕ್ರೂಜ್ ಬಾಯಿಂದ ವ್ಯಂಗ್ಯವಾಗಿ ಬಿದ್ದ ಮಾತೆಲ್ಲ ಮುಂದಿನ ಭಾಗಗಳಲ್ಲಿ ವಿಪರ್ಯಾಸವಾಗಿ ಅವನ ಬಾಗಿಲಿಗೇ ಬರುತ್ತದೆ. ಬಡ್ಡಿ ಸಮೇತ. ಸಾಲ ಕೊಟ್ಟು ವಸೂಲಿ ಮಾಡುವವನ ಕತೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದೆ!

ಒಂದು ಲೆಕ್ಕ ತೋರಿಸುತ್ತೇನೆ. ಇದನ್ನು ನಾನೇ ಕಂಡುಹಿಡಿದೆ ಅನ್ನುವ ಜಂಬ ನನಗಿದೆ, ಬೇರೆ ಯಾರೋ ಆಗಲೇ ಹೇಳಿರಲೂಬಹುದು.

ಹಬ್ಬದ ಹಿಂದಿನ ಸಂಜೆ. ಗುಮಾಸ್ತ ಬಾಬ್ ಕ್ರಾಚಿಟ್ ಮನೆಗೆ ಹೊರಟಿದ್ದಾನೆ. ನಾಳೆ ಪೂರ್ತಿ ದಿನ ರಜೆ ಬೇಕೇನೋ ಅಂತ ಸ್ಕ್ರೂಜ್ ಗುರುಗುಟ್ಟುತ್ತಾನೆ. ಅದಕ್ಕಾಗಿ ಅರ್ಧ ಕ್ರೌನ್ ಸಂಬಳ ಹಿಡಿದುಕೊಂಡರೆ ನಿನಗೆ ಅನ್ಯಾಯ ಆಯಿತು ಅನ್ನುತ್ತೀಯ, ಕೆಲಸವೇ ಇಲ್ಲದ ದಿನಕ್ಕೆ ನಾನು ಸಂಬಳ ಕೊಟ್ಟರೆ ಮಾತ್ರ ನನಗೆ ಅನ್ಯಾಯ ಆಯಿತು ಅಂತ ನಿನಗೆ ಅನಿಸುವುದಿಲ್ಲ, ವರ್ಷವರ್ಷ ಡಿಸೆಂಬರ್ 25ಕ್ಕೆ ನನ್ನ ಜೇಬು ಕತ್ತರಿಸುವುದಕ್ಕೆ ಇದೊಂದು ನೆಪ. ಈ ಅರ್ಧ ಕ್ರೌನ್ ಎಲ್ಲಿಂದ ಬಂತು? ಬಾಬನ ಸಂಬಳ ವಾರಕ್ಕೆ 15 ಶಿಲಿಂಗ್. ವಾರಕ್ಕೆ ಆರು ದಿನ ಕೆಲಸ. ಭಾಗಿಸಿದರೆ ದಿನಕ್ಕೆ ಎರಡೂವರೆ ಶಿಲಿಂಗ್. ಅರ್ಧ ಕ್ರೌನ್ ಅಂದರೆ ಕರೆಕ್ಟಾಗಿ ಎರಡೂವರೆ ಶಿಲಿಂಗ್. ಒಂದು ದಿನದ ಕೂಲಿ, ಒಂದು ಪೆನ್ನಿ ಹೆಚ್ಚಿಲ್ಲ, ಕಮ್ಮಿ ಇಲ್ಲ. ಜಿಪುಣನ ಬಾಯಿಲೆಕ್ಕ ಎಷ್ಟು ಖಚಿತ ನೋಡಿ.

ಈಗ ಕೊನೆಯ ಭಾಗಕ್ಕೆ ಬನ್ನಿ. ಹಬ್ಬದ ಬೆಳಿಗ್ಗೆ ಸ್ಕ್ರೂಜ್ ಕಿಟಕಿ ತೆಗೆದು ಕೆಳಗೆ ನಿಂತ ಒಬ್ಬ ಹುಡುಗನನ್ನು ಕರೆಯುತ್ತಾನೆ. ಮೂಲೆ ಅಂಗಡಿಯ ಆ ದೊಡ್ಡ ಟರ್ಕಿ ಕೋಳಿ ಇದೆಯಲ್ಲ, ಅದನ್ನು ತರಿಸಬೇಕು, ಅಂಗಡಿಯವನನ್ನು ಕರೆದುಕೊಂಡು ಬಂದರೆ ನಿನಗೆ ಒಂದು ಶಿಲಿಂಗ್, ಐದು ನಿಮಿಷದೊಳಗೆ ಬಂದರೆ ಅರ್ಧ ಕ್ರೌನ್! ಅದೇ ಅರ್ಧ ಕ್ರೌನ್. ನಿನ್ನೆ ಸಂಜೆ ಒಬ್ಬ ಸಂಸಾರಸ್ಥನ ಇಡೀ ದಿನದ ದುಡಿಮೆಗೆ ಕೊಡಲು ಹೊಟ್ಟೆ ಉರಿದ ದುಡ್ಡು, ಇವತ್ತು ಬೆಳಿಗ್ಗೆ ಗುರುತಿಲ್ಲದ ಹುಡುಗನ ಐದು ನಿಮಿಷದ ಓಟಕ್ಕೆ. ಡಿಕನ್ಸ್ ಇದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಅಲ್ಲಿ ಇಟ್ಟು ಮುಂದೆ ಹೋಗುತ್ತಾನೆ. ನನ್ನ ಸಂಕ್ಷಿಪ್ತ ಪ್ರತಿಯಲ್ಲಿ ಮೊದಲಿನದು 'ಒಂದು ದಿನದ ಸಂಬಳ' ಆಗಿತ್ತು, ಎರಡನೆಯದು 'ಸ್ವಲ್ಪ ಇನಾಮು' ಆಗಿತ್ತು. ಮುಗಿಯಿತಲ್ಲ ಕತೆ! ಇದನ್ನು ಮಾಡಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಇಂಥದ್ದೇ ಇನ್ನೊಂದು. ಬಡವರಿಗೆ ಚಂದಾ ಕೇಳಲು ಇಬ್ಬರು ದೊಡ್ಡ ಮನುಷ್ಯರು ಅಂಗಡಿಗೆ ಬರುತ್ತಾರೆ. ನಾನು ಮಾತಾಡುತ್ತಿರುವುದು ಸ್ಕ್ರೂಜ್ ಅವರ ಹತ್ತಿರವೋ ಮಾರ್ಲಿ ಅವರ ಹತ್ತಿರವೋ ಅಂತ ವಿಚಾರಿಸುತ್ತಾರೆ. ಮಾರ್ಲಿ ಸತ್ತು ಏಳು ವರ್ಷ ಆಯಿತು, ಇವತ್ತಿನ ರಾತ್ರಿಗೇ ಸತ್ತಿದ್ದು ಅನ್ನುತ್ತಾನೆ ಸ್ಕ್ರೂಜ್. ಅಯ್ಯೋ, ಅವರ ಧಾರಾಳತನ ಉಳಿದಿರುವ ಪಾಲುದಾರರಲ್ಲೂ ಹಾಗೇ ಇರುತ್ತದೆ ಬಿಡಿ ಅನ್ನುತ್ತಾರೆ ಪಾಪ ಅವರು. ಖಂಡಿತ ಹಾಗೇ ಇತ್ತು, ಇಬ್ಬರದೂ ಒಂದೇ ಜಾತಿಯ ಜೀವ ಅಂತ ಕತೆಗಾರ ಸೇರಿಸುತ್ತಾನೆ. ಇಬ್ಬರೂ ಎಂಜಲು ಕೈಯಲ್ಲಿ ಕಾಗೆ ಓಡಿಸದವರು. ಸರಿ, ತಮ್ಮ ಹೆಸರಿಗೆ ಎಷ್ಟು ಬರೆದುಕೊಳ್ಳಲಿ? ಏನೂ ಇಲ್ಲ. ಓಹೋ, ಹೆಸರು ಹಾಕುವುದು ಬೇಡ ಅಂತಲಾ? ನನ್ನನ್ನು ನನ್ನ ಪಾಡಿಗೆ ಬಿಡಿ ಅಂತ!

ಇಲ್ಲಿ ಎಲ್ಲರೂ ನಗುತ್ತಾರೆ. ಆದರೆ ಮುಂದೇನಾಗುತ್ತದೆ ಗಮನಿಸಿ. ಆ ಟರ್ಕಿ ಕೋಳಿಯನ್ನು ಸ್ಕ್ರೂಜ್ ಬಾಬನ ಮನೆಗೆ ಕಳಿಸುವುದು ಹೆಸರು ಹೇಳದೆ. ಯಾರು ಕಳಿಸಿದ್ದು ಅಂತ ಅವನಿಗೆ ತಿಳಿಯಬಾರದು ಅಂತ ಒಬ್ಬನೇ ಕೈ ಉಜ್ಜಿಕೊಂಡು ನಗುತ್ತಾನೆ. ಅದೇ ಚಂದಾ ಕೇಳಿದ ಮನುಷ್ಯ ದಾರಿಯಲ್ಲಿ ಸಿಕ್ಕಾಗ ಎಷ್ಟು ಕೊಡುತ್ತೇನೆ ಅಂತ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಹಳೇ ಬಾಕಿ ಸುಮಾರು ಅದರಲ್ಲಿ ಸೇರಿದೆ, ಒಂದು ಫಾರ್ದಿಂಗೂ ಕಮ್ಮಿ ಇಲ್ಲ ಅನ್ನುತ್ತಾನೆ. ಮೊತ್ತ ಎಷ್ಟು ಅಂತ ನಮಗೆ ಕೊನೆವರೆಗೂ ತಿಳಿಯುವುದಿಲ್ಲ. ಪ್ರತಿ ಪುಟದಲ್ಲೂ ಶಿಲಿಂಗು, ಕ್ರೌನು ಎಣಿಸುವ ಈ ಪುಸ್ತಕ ಅತಿ ದೊಡ್ಡ ಮೊತ್ತ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ. 'ಹೆಸರು ಹಾಕುವುದು ಬೇಡ ಅಂತಲಾ' ಅನ್ನುವ ಆ ಪೆದ್ದು ಪ್ರಶ್ನೆ ನಿಜವಾಗಿಬಿಡುತ್ತದೆ.

ಆ ಚಂದಾ ದೃಶ್ಯದಲ್ಲೇ ಬರುವ ಖಾರದ ಮಾತು ನಿಮಗೆ ಗೊತ್ತಿರಬಹುದು. ಬಡವರಿಗೆ ಜೈಲುಗಳಿಲ್ಲವೇ, ವರ್ಕ್‌ಹೌಸುಗಳಿಲ್ಲವೇ ಅಂತ ಕೇಳುತ್ತಾನೆ ಸ್ಕ್ರೂಜ್. 1834ರ ಬಡವರ ಕಾನೂನಿನ ಮೇಲೆ ನಡೆಯುತ್ತಿದ್ದ, ದುಡಿಸಿಕೊಂಡು ಬಡವರಿಗೆ ಅನ್ನ ಹಾಕುತ್ತಿದ್ದ ಈ ವರ್ಕ್‌ಹೌಸುಗಳಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಯಾರೂ ಇಷ್ಟಪಟ್ಟು ಒಳಗೆ ಬರಬಾರದು ಅಂತಲೇ ಹಾಗೆ ಮಾಡಿದ್ದು. ಅಲ್ಲಿಗೆ ಹೋಗುವುದಕ್ಕಿಂತ ಸಾಯುತ್ತೇವೆ ಅನ್ನುವವರು ತುಂಬಾ ಜನ ಇದ್ದಾರೆ ಸ್ವಾಮಿ ಅಂದರೆ, ಹಾಗಾದರೆ ಸಾಯಲಿ, ಹೆಚ್ಚುವರಿ ಜನಸಂಖ್ಯೆಯಾದರೂ ಇಳಿಯಲಿ ಅನ್ನುತ್ತಾನೆ. ಈ ಮಾತು ಅವನ ಸ್ವಂತದ್ದಲ್ಲ. ಮಾಲ್ಥಸ್ ಅನ್ನುವ ಅರ್ಥಶಾಸ್ತ್ರಜ್ಞ 1798ರಲ್ಲಿ ಜನಸಂಖ್ಯೆಯ ಬಗ್ಗೆ ಬರೆದ ಮೇಲೆ ಓದಿಕೊಂಡವರ ಬಾಯಲ್ಲಿ ಓಡಾಡುತ್ತಿದ್ದ ಮಾತು. ಆಮೇಲೆ ಎರಡನೆಯ ದೆವ್ವದ ಜೊತೆ ನಿಂತು ಬಾಬನ ಕಾಯಿಲೆ ಮಗ ಟೈನಿ ಟಿಮ್‌ನನ್ನು ನೋಡಿ, ಈ ಮಗು ಬದುಕುತ್ತಾ ಹೇಳು ಅಂತ ಸ್ಕ್ರೂಜ್ ಗೋಗರೆಯುತ್ತಾನೆ. ದೆವ್ವ ಅವನ ಮಾತನ್ನೇ ಅಕ್ಷರ ಬಿಡದೆ ಅವನ ಮುಖಕ್ಕೆ ಎಸೆಯುತ್ತದೆ. ಸತ್ತರೆ ಸಾಯಲಿ ಬಿಡು, ಹೆಚ್ಚುವರಿ ಜನಸಂಖ್ಯೆ ಇಳಿಯುತ್ತದಲ್ಲ. ಲೆಕ್ಕದ ಪುಸ್ತಕದಲ್ಲಿದ್ದ ಅಂಕಿಗೆ ಈಗ ಒಂದು ಮುಖ, ಒಂದು ಊರುಗೋಲು ಬಂದಿದೆ.

ಜೈಲಿನ ಮಾತಿನ ಹಿಂದೆ ಇನ್ನೊಂದು ಸಂಗತಿ ಇದೆ. 1824ರಲ್ಲಿ ಡಿಕನ್ಸ್‌ನ ಅಪ್ಪ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್ಸೀ ಜೈಲು ಸೇರಿದ್ದರು. ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಶ್ ತಯಾರಿಸುವ ಕಡೆ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದ. ಓದುಗರಿಗೆ ಇದು ಗೊತ್ತಾಗಿದ್ದು ಅವನು 1870ರಲ್ಲಿ ತೀರಿಕೊಂಡ ಮೇಲೆ. ಜೈಲುಗಳಿಲ್ಲವೇ ಅಂತ ಸ್ಕ್ರೂಜ್ ಕೇಳುವುದನ್ನು ಬರೆದವನ ಅಪ್ಪನೇ ಜೈಲಿನಲ್ಲಿದ್ದವರು ಅಂತ 1843ರ ಓದುಗರಿಗೆ ಕನಸಲ್ಲೂ ಹೊಳೆದಿರಲಿಕ್ಕಿಲ್ಲ.

ಅದೇ ವರ್ಷ ಕೂಲಿ ಮಾಡುವ ಮಕ್ಕಳ ಸ್ಥಿತಿ ಬಗ್ಗೆ ಸರ್ಕಾರಿ ವರದಿ ಓದಿ ಅವನು ಮೊದಲು ಬರೆಯಲು ಹೊರಟಿದ್ದು ಒಂದು ಕರಪತ್ರ. ಆಮೇಲೆ ಮನಸ್ಸು ಬದಲಾಯಿಸಿ, ವರ್ಷದ ಕೊನೆಗೆ ಇಪ್ಪತ್ತು ಸಾವಿರ ಪಟ್ಟು ಜೋರಾಗಿ ಸುತ್ತಿಗೆ ಬೀಸುತ್ತೇನೆ ಅಂತ ಸ್ನೇಹಿತನಿಗೆ ಕಾಗದ ಬರೆದ. ಬೀಸಿದ ಸುತ್ತಿಗೆ ನೋಡಿದರೆ ದೆವ್ವದ ಕತೆ, ಅದೂ ನಗಿಸುವ ದೆವ್ವದ ಕತೆ. ಮಾರ್ಲಿಯ ದೆವ್ವ ಬಂದಾಗ ಮೈಯೆಲ್ಲ ಗಾಜಿನ ಹಾಗೆ, ಕೋಟಿನ ಹಿಂದಿನ ಎರಡು ಗುಂಡಿ ಮುಂದಿನಿಂದಲೇ ಕಾಣುತ್ತವೆ. ಹಳೇ ಇಂಗ್ಲಿಷಿನಲ್ಲಿ ಕರುಳು ಇಲ್ಲದವನು ಅಂದರೆ ದಯೆ ಇಲ್ಲದವನು. ನಮ್ಮಲ್ಲೂ ಕರುಳು ಅಂದರೆ ಅದೇ ತಾನೇ? ಮಾರ್ಲಿಗೆ ಕರುಳೇ ಇಲ್ಲ ಅಂತ ಜನ ಅನ್ನುವುದನ್ನು ಸ್ಕ್ರೂಜ್ ಎಷ್ಟೋ ಸಲ ಕೇಳಿದ್ದ, ಈಗಿನವರೆಗೂ ನಂಬಿರಲಿಲ್ಲ. ಈ ಜೋಕು ಕನ್ನಡಕ್ಕೆ ಒಂದು ಕೂದಲೂ ಕೊಂಕದೆ ಬರುತ್ತದೆ. ಆದರೂ ನನ್ನ ಮೊದಲ ಪ್ರತಿಯಲ್ಲಿ ಇರಲಿಲ್ಲ!

ದೆವ್ವದ ಜೊತೆಗೂ ಇವನದು ಚೌಕಾಸಿಯೇ. ಮೂರು ದೆವ್ವಗಳು ಮೂರು ರಾತ್ರಿ ಒಂದೊಂದಾಗಿ ಬರುತ್ತವೆ ಅಂತ ಮಾರ್ಲಿ ಹೇಳಿದರೆ, ಮೂರನ್ನೂ ಒಟ್ಟಿಗೆ ಒಂದೇ ಸಲ ಮುಗಿಸಬಹುದಲ್ವಾ ಜೇಕಬ್ ಅಂತ ಹೋಲ್‌ಸೇಲ್ ದರ ಕೇಳುತ್ತಾನೆ. ಮಾರ್ಲಿಯ ದೆವ್ವ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮೂರೂ ಒಂದೇ ರಾತ್ರಿಯಲ್ಲಿ ಮುಗಿದಿವೆ. ಕೇಳಿದ್ದು ಸಿಕ್ಕಿತು. ಎರಡನೆಯ ದೆವ್ವಕ್ಕೆ ಶರಣಾಗುವಾಗಲೂ, ನನಗೆ ಕಲಿಸುವುದು ಏನಾದರೂ ಇದ್ದರೆ ಅದರಿಂದ ನನಗೆ ಲಾಭವಾಗಲಿ ಅಂತಲೇ ಬೇಡುತ್ತಾನೆ. ಮನಸ್ಸು ಕರಗುತ್ತಿದೆ, ನಾಲಿಗೆ ಇನ್ನೂ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದಿಲ್ಲ.

ನನಗೆ ತುಂಬಾ ಇಷ್ಟವಾದ ಜಾಗ ಫೆಜಿವಿಗ್‌ನದು. ಸ್ಕ್ರೂಜ್ ಚಿಕ್ಕವನಿದ್ದಾಗ ಕೆಲಸ ಕಲಿತದ್ದು ಈ ದಢೂತಿ ವ್ಯಾಪಾರಿಯ ಹತ್ತಿರ. ಹಬ್ಬದ ರಾತ್ರಿ ಅಂಗಡಿ ಗುಡಿಸಿ, ಪಿಟೀಲಿನವನನ್ನು ಕರೆಸಿ, ಅಡಿಗೆಯವಳು ಹಾಲಿನವನು ಎಲ್ಲರನ್ನೂ ಸೇರಿಸಿ ಕುಣಿಸುತ್ತಾನೆ. ಮೊದಲ ದೆವ್ವ ಬೇಕಂತಲೇ ಕೆಣಕುತ್ತದೆ. ಏನು ಮಹಾ ಮಾಡಿದ, ಮೂರೋ ನಾಲ್ಕೋ ಪೌಂಡ್ ಖರ್ಚು ಮಾಡಿದ, ಅದಕ್ಕೆ ಇಷ್ಟು ಹೊಗಳಿಕೆಯಾ? (ಬಾಬನ ಲೆಕ್ಕದಲ್ಲಿ ಅದು ನಾಲ್ಕೈದು ವಾರದ ಸಂಬಳ, ಅದು ಬೇರೆ ಮಾತು.) ಸ್ಕ್ರೂಜನಿಗೆ ರೇಗಿಹೋಗುತ್ತದೆ. ವಿಷಯ ದುಡ್ಡಿನದಲ್ಲ, ನಮ್ಮ ಕೆಲಸ ಹಗುರ ಮಾಡುವುದೂ ಭಾರ ಮಾಡುವುದೂ ಅವನ ಕೈಯಲ್ಲಿತ್ತು, ಒಂದು ಮಾತು ಒಂದು ನೋಟದಲ್ಲಿ ಅವನು ಕೊಡುತ್ತಿದ್ದ ಸಂತೋಷಕ್ಕೆ ಬೆಲೆ ಕಟ್ಟಲಾಗದು ಅಂತ ವಾದ ಮಾಡುತ್ತಾನೆ. ಯಾರು? ಸ್ಕ್ರೂಜ್! ಅರ್ಧಕ್ಕೇ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಏನಾಯಿತು ಅಂತ ದೆವ್ವ ಕೇಳಿದರೆ, ಏನಿಲ್ಲ, ನನ್ನ ಗುಮಾಸ್ತನ ಹತ್ತಿರ ಒಂದು ಮಾತಾಡಬೇಕು ಅನಿಸಿತು ಅಷ್ಟೇ. ಅವನಿಗೆ ಯಾರೂ ಬುದ್ಧಿ ಹೇಳಲಿಲ್ಲ. ತನ್ನ ವಿರುದ್ಧ ತಾನೇ ವಕೀಲಿಕೆ ಮಾಡಿ ಗೆದ್ದ.

ಬಾಬನ ಮನೆಯ ಊಟದಲ್ಲಿ ಬೇರೆ ಥರದ ಕೊಂಕು. ಈ ಔತಣಕ್ಕೆ ಕಾರಣರಾದ ಸ್ಕ್ರೂಜ್ ಅವರಿಗೆ ಜಯವಾಗಲಿ ಅಂತ ಬಾಬ್ ಗ್ಲಾಸ್ ಎತ್ತುತ್ತಾನೆ. ಬಾಬ್ ಹೇಳುವುದು ಮನಸಾರೆ, ಅವನಲ್ಲಿ ವ್ಯಂಗ್ಯ ಇಲ್ಲ. ಹೆಂಡತಿಗೆ ಮೈ ಉರಿದುಹೋಗುತ್ತದೆ. ಅವನು ಇಲ್ಲಿ ಸಿಗಬೇಕಿತ್ತು, ಬಾಯಿ ತುಂಬ ಬಡಿಸುತ್ತಿದ್ದೆ ಅನ್ನುವ ಧಾಟಿ. ಆಯಮ್ಮನಿಗೆ ಗೊತ್ತಿಲ್ಲದ್ದು ಒಂದೇ, ಅವನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ.

ನಾಲ್ಕನೆಯ ಭಾಗ ಬೇರೆ ಲೋಕ. ಇಲ್ಲಿ ನಮಗೆ ಗೊತ್ತಿರುವುದು ಸ್ಕ್ರೂಜನಿಗೆ ಗೊತ್ತಿಲ್ಲ. ಮುಂದೆ ಆಗುವುದನ್ನು ಮೂರನೆಯ ದೆವ್ವ ತೋರಿಸುತ್ತಿದೆ. ಯಾರೋ ಒಬ್ಬ ಸತ್ತಿದ್ದಾನೆ, ಅದು ಸ್ಕ್ರೂಜನೇ ಅಂತ ನಮಗೆ ಹೊಳೆದುಬಿಡುತ್ತದೆ. ಮಧ್ಯಾಹ್ನದ ಊಟ ಹಾಕಿಸುವುದಾದರೆ ಶವಸಂಸ್ಕಾರಕ್ಕೆ ಬರುತ್ತೇನೆ ಅನ್ನುತ್ತಾನೆ ಒಬ್ಬ ವ್ಯಾಪಾರಿ. ಹಳೇ ಸಾಮಾನಿನ ಜೋ ಅನ್ನುವವನ ಅಂಗಡಿಯಲ್ಲಿ ಮನೆಗೆಲಸದವಳು, ಬಟ್ಟೆ ಒಗೆಯುವವಳು, ಶವಪೆಟ್ಟಿಗೆಯವನ ಆಳು ಮೂರೂ ಜನ ಕದ್ದ ಗಂಟು ಬಿಚ್ಚುತ್ತಾರೆ. ಮಂಚದ ಪರದೆ, ಅದರ ಬಳೆಗಳ ಸಮೇತ, ಹೆಣ ಇನ್ನೂ ಮಲಗಿರುವಾಗಲೇ ಎಳೆದು ತಂದದ್ದು. ಹೆಣಕ್ಕೆ ತೊಡಿಸಿದ್ದ ಒಳ್ಳೆಯ ಅಂಗಿಯನ್ನೂ ಬಿಟ್ಟಿಲ್ಲ. ಬದುಕಿದ್ದಾಗ ಎಲ್ಲರನ್ನೂ ಹೆದರಿಸಿ ಓಡಿಸಿದ್ದರಿಂದಲೇ ಸತ್ತಾಗ ನಮಗೆ ಲಾಭ ಆಯಿತು ಅಂತ ಒಬ್ಬಳು ನಗುತ್ತಾಳೆ. ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ ಅನ್ನುತ್ತೇವಲ್ಲ, ಅದನ್ನು ಯಾರೋ ನಾಟಕ ಮಾಡಿ ತೋರಿಸಿದ ಹಾಗಿದೆ. ಸ್ಕ್ರೂಜ್ ಮಾತ್ರ ಅಯ್ಯೋ, ಈ ನತದೃಷ್ಟನ ಗತಿ ನನಗೂ ಬರಬಹುದಿತ್ತು ಅಂತ ನಡುಗುತ್ತಾನೆ. ಬರಬಹುದಿತ್ತಂತೆ! ಆಮೇಲೆ ಈ ಸಾವಿನಿಂದ ಮನಸ್ಸು ಕಲಕಿದ ಒಬ್ಬರನ್ನಾದರೂ ತೋರಿಸು ಅಂತ ಕೇಳುತ್ತಾನೆ. ದೆವ್ವ ತೋರಿಸುವುದು ಸತ್ತವನಿಗೆ ಸಾಲ ತೀರಿಸಬೇಕಿದ್ದ ಗಂಡಹೆಂಡತಿಯನ್ನು. ವಾಯಿದೆ ಮುಂದಕ್ಕೆ ಹೋಯಿತು ಅಂತ ಅವರಿಗೆ ಎದೆ ಹಗುರ. ಆ ಸಾವಿನಿಂದ ಹುಟ್ಟಿದ ಭಾವನೆ ಅಂತ ದೆವ್ವಕ್ಕೆ ಸಿಕ್ಕಿದ್ದು ಆ ಸಂತೋಷ ಒಂದೇ. ಇಲ್ಲಿ ನಾನು ನಗಲಿಲ್ಲ.

ದೂರುಗಳೂ ಇವೆ. ಟೈನಿ ಟಿಮ್ ಬಂದ ಕಡೆಯೆಲ್ಲ ಡಿಕನ್ಸ್ ಕೊಂಕು ಕೆಳಗಿಟ್ಟುಬಿಡುತ್ತಾನೆ, ತಕ್ಷಣ ಸಕ್ಕರೆ ಜಾಸ್ತಿಯಾಗುತ್ತದೆ. ಸಂಕ್ಷಿಪ್ತ ಮಾಡಿದವರು ಅದನ್ನು ಮಾತ್ರ ಒಂದು ಹನಿಯೂ ಚೆಲ್ಲದೆ ಉಳಿಸಿಕೊಂಡಿದ್ದಾರೆ. ಎರಡನೆಯ ಭಾಗದ ಬೆಲ್, ಸ್ಕ್ರೂಜನನ್ನು ಬಿಟ್ಟು ಹೋಗುವ ಹುಡುಗಿ, ಬಂದು ಒಂದು ಭಾಷಣ ಮಾಡಿ ಹೋಗುತ್ತಾಳೆ. ಪೇಟೆಯ ವರ್ಣನೆ ಪುಟಗಟ್ಟಲೆ ಇದೆ. ಎಲ್ಲಕ್ಕಿಂತ ದೊಡ್ಡದು, ವರ್ಕ್‌ಹೌಸಿನ ಕಾನೂನನ್ನು ಅಷ್ಟು ಚೆನ್ನಾಗಿ ಬೈದವನು ಕೊನೆಗೆ ಕೊಟ್ಟ ಪರಿಹಾರ ಒಂದು ಕೋಳಿ, ಒಂದು ಸಂಬಳ ಏರಿಕೆ. ಧಣಿಯ ಮನಸ್ಸು ಕರಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಬ್‌ನಂಥ ಇನ್ನೊಬ್ಬ ಗುಮಾಸ್ತನ ಧಣಿಯ ಮನೆಗೆ ದೆವ್ವ ಬರದಿದ್ದರೆ ಅವನ ಗತಿ? ಪುಸ್ತಕದಲ್ಲಿ ಉತ್ತರ ಇಲ್ಲ.

ಇನ್ನು ಈ ಪುಸ್ತಕ ಅನ್ನುವ ಮಾಲಿನ ಕತೆಯೇ ಒಂದು ವಿಪರ್ಯಾಸ. 1843ರ ಡಿಸೆಂಬರ್ 19ಕ್ಕೆ ಲಂಡನ್ನಿನಲ್ಲಿ ಬಂತು. ಆಗ ಬರೆಯುತ್ತಿದ್ದ ಕಾದಂಬರಿ ಅಂದುಕೊಂಡಷ್ಟು ಓಡುತ್ತಿರಲಿಲ್ಲ, ಐದನೆಯ ಮಗು ಬರುವುದರಲ್ಲಿತ್ತು, ಕೈಯಲ್ಲಿ ದುಡ್ಡು ಬೇಕಿತ್ತು, ಹಾಗಾಗಿ ಸುಮಾರು ಆರು ವಾರದಲ್ಲಿ ಬರೆದು ಮುಗಿಸಿದ. ಅಚ್ಚಿನ ಖರ್ಚು ಅವನದೇ. ಹಾಗಂತ ಕೈ ಬಿಗಿ ಹಿಡಿದನಾ? ಚಿನ್ನದ ಅಂಚು, ಬಟ್ಟೆಯ ರಟ್ಟು, ಜಾನ್ ಲೀಚ್ ಬರೆದ ಚಿತ್ರಗಳು, ಅದರಲ್ಲಿ ನಾಲ್ಕಕ್ಕೆ ಕೈಯಲ್ಲಿ ಬಣ್ಣ. ಹಬ್ಬದ ಹಿಂದಿನ ದಿನಕ್ಕೆ 6,000 ಪ್ರತಿ ಖಾಲಿ. 1,000 ಪೌಂಡ್ ಬರುತ್ತದೆ ಅಂತ ಕಾಯುತ್ತಿದ್ದವನಿಗೆ ಆ ಮೊದಲ ಅಚ್ಚಿನಿಂದ ಉಳಿದದ್ದು 230. ಕತೆ ಕದ್ದು ಅಚ್ಚು ಹಾಕಿದವರ ಮೇಲೆ ಕೇಸು ಹಾಕಿ ಗೆದ್ದ, ಅವರು ದಿವಾಳಿ ಎದ್ದರು, ಗೆದ್ದವನ ತಲೆಗೇ ಸುಮಾರು 700 ಪೌಂಡ್ ಖರ್ಚು ಬಂತು. ಪುಸ್ತಕದ ಬೆಲೆ 5 ಶಿಲಿಂಗ್. ಬಾಬನ ಎರಡು ದಿನದ ಕೂಲಿ. ತನ್ನ ಕತೆಯನ್ನು ತಾನೇ ಕೊಂಡು ಓದಲು ಬಾಬ್ ಕ್ರಾಚಿಟ್‌ಗೆ ಆಗುತ್ತಿರಲಿಲ್ಲ.

ಅವನ ಕೈಬರಹದ ಪ್ರತಿ ಈಗ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. ಅದನ್ನು ಕೊಂಡವನು ಪಿಯರ್‌ಪಾಂಟ್ ಮಾರ್ಗನ್, ಅಮೆರಿಕದ ಆ ಕಾಲದ ದೊಡ್ಡ ಬ್ಯಾಂಕರ್. ನಾನು ಏನೂ ಹೇಳುವುದಿಲ್ಲ.

ಸ್ಕ್ರೂಜನಿಗೆ ಆದದ್ದು ಇನ್ನೂ ಅನ್ಯಾಯ. ಕತೆಯ ಕೊನೆಗೆ ಲಂಡನ್ನಿನಲ್ಲಿ ಅವನಷ್ಟು ಚೆನ್ನಾಗಿ ಹಬ್ಬ ಮಾಡುವವರೇ ಇಲ್ಲ ಅನ್ನಿಸಿಕೊಂಡವನು. ಆದರೆ ಇಂಗ್ಲಿಷ್ ನಿಘಂಟು ತೆಗೆದು ನೋಡಿ, ಸ್ಕ್ರೂಜ್ ಅಂದರೆ ಇವತ್ತಿಗೂ ಜುಗ್ಗ. ಜನಕ್ಕೆ ನೆನಪಿರುವುದು ಮೊದಲ ಭಾಗದವನು. ಅವರೂ ಸಂಕ್ಷಿಪ್ತ ಪ್ರತಿಯನ್ನೇ ಓದಿರಬೇಕು.

ಯಾವುದನ್ನು ಕೊಳ್ಳಬೇಕು ಅಂತ ಕೇಳಿದರೆ, ಐದೂ ಭಾಗ ಇರಲಿ, ಲೀಚ್‌ನ ಚಿತ್ರಗಳಿರಲಿ, ಮೊದಲ ಪುಟದಲ್ಲಿ ಶವಪೆಟ್ಟಿಗೆಯ ಮೊಳೆ ಇರಲಿ. ಅಂಗಡಿಯಲ್ಲೇ ತೆರೆದು ನೋಡಿ, ಮೊಳೆ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ. ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪೂರ್ತಿ ಪುಸ್ತಕ ಪುಕ್ಕಟೆ ಸಿಗುತ್ತದೆ, ಜಿಪುಣನ ಕತೆ ಓದುವುದಕ್ಕೆ ಅದೂ ಸರಿಯೇ. ಇಂಗ್ಲಿಷ್ ಹಳೆಯದು, ಮೊದಲ ಹತ್ತು ಪುಟ ನಿಧಾನಕ್ಕೆ ಹೋಗುತ್ತದೆ. ಜೋರಾಗಿ ಓದಿಕೊಂಡರೆ ಸುಲಭ, ಅವನೇ ಇದನ್ನು ವರ್ಷಗಟ್ಟಲೆ ಸಭೆಗಳಲ್ಲಿ ಓದುತ್ತಿದ್ದ. ಕೆಲವು ಜೋಕು ಯಾವ ಭಾಷೆಗೂ ಬರುವುದಿಲ್ಲ, ಅದಕ್ಕೆ ಅನುವಾದಕರನ್ನು ಬೈಯಬೇಡಿ. ಶಿಲಿಂಗಿಗೆ ಆಡುಮಾತಿನಲ್ಲಿ 'ಬಾಬ್' ಅನ್ನುತ್ತಿದ್ದರು, ಹಾಗಾಗಿ ಶನಿವಾರ ಶನಿವಾರ ಬಾಬ್ ಜೇಬಿಗಿಳಿಸುತ್ತಿದ್ದದ್ದು ತನ್ನ ಹೆಸರಿನ ಹದಿನೈದು ಪ್ರತಿ ಅನ್ನುತ್ತಾನೆ ಕತೆಗಾರ. ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ?

ಐದಕ್ಕೆ ನಾಲ್ಕೂವರೆ ನಕ್ಷತ್ರ. ಉಳಿದ ಅರ್ಧ ಕೊಡಬಹುದಿತ್ತು. ಆದರೆ ಸ್ಕ್ರೂಜ್ ಕಲ್ಲಿದ್ದಲ ಡಬ್ಬಿಯನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡಿರುತ್ತಿದ್ದ, ಬಾಬ್ ಮೇಣದ ಬತ್ತಿಗೆ ಕೈ ಹಿಡಿದು ಬೆಚ್ಚಗಾಗಲು ನೋಡುತ್ತಿದ್ದ ಅಂತ ಬರುತ್ತದೆ. ಸದ್ಯಕ್ಕೆ ಆ ಡಬ್ಬಿ ನನ್ನ ಕೋಣೆಯಲ್ಲಿದೆ.